ಹೇಸರಗತ್ತೆ ಏರಿದ ಚಕ್ರವರ್ತಿ

ಫಾರ್ಮಿಂಗ್ಟನ್ ಹಿಲ್ಸ್‌ನ ನಮ್ಮ ಮನೆಯ ಹಾಲಿನಲ್ಲಿ ಫ್ರಾನ್ಸಿನ ಚಕ್ರವರ್ತಿಯ ಚಿತ್ರವೊಂದು ತೂಗುತ್ತಿತ್ತು. ಆಲ್ಪ್ಸ್ ಪರ್ವತ, ಬಿರುಗಾಳಿ, ಮುಂಗಾಲೆತ್ತಿದ ಬಿಳಿ ಕುದುರೆ, ಅದರ ಮೇಲೆ ನಿಲುವಂಗಿ ಹಾರಿಸುತ್ತ ಕೂತ ಆ ಮಹಾಶಯ. ಫರ್ನಿಚರ್ ಅಂಗಡಿಯಿಂದ ಅದನ್ನು ಹೊತ್ತು ತಂದವರು ನಮ್ಮ ಯಜಮಾನರು. ಬಂದವರಿಗೆಲ್ಲ "ಗಂಡಸು ಅಂದ್ರೆ ಹೀಗಿರ್ಬೇಕು ನೋಡಿ" ಅನ್ನುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಎಪ್ಪತ್ತರ ದಶಕದ ಆ ಚಳಿಗಾಲ ನನಗೆ ಪಕ್ಕದೂರಾದ ಲಿವೋನಿಯಾದ ಲೈಬ್ರರಿಯೊಂದರಲ್ಲಿ ಕೆಲಸ ಸಿಕ್ಕಿತ್ತು. ಜನವರಿಯ ಕೊನೆಯ ಸೋಮವಾರ ಬರದಿದ್ದರೆ ಬೇರೆಯವರಿಗೆ ಕೊಡುತ್ತೇವೆ ಎಂದಿದ್ದರು. ಪಕ್ಕದ ಮನೆಯಾಕೆಯಿಂದ ಕಾರು ಕಲಿತು ಲೈಸೆನ್ಸನ್ನೂ ಪಡೆದಿದ್ದೆ. ಇವರು ಆಫೀಸಿಗೆ ಹೋಗುತ್ತಿದ್ದದ್ದು ಸ್ನೇಹಿತರ ಕಾರಿನಲ್ಲಿ. ನಮ್ಮದು ಗರಾಜಿನಲ್ಲಿ ಸುಮ್ಮನೆ ಬಿದ್ದಿರುತ್ತಿತ್ತು. ಆದರೂ ಕೀ ಇವರ ಜೇಬಿನಲ್ಲೇ!

"ಸ್ನೋನಲ್ಲಿ ಡ್ರೈವ್ ಮಾಡೋದು ಅಂದ್ರೆ ತಮಾಷೆ ಅಲ್ಲ ಕಣೆ. ನಿನ್ನ ಕೈಲಾಗಲ್ಲ, ಬಿಡು."

ಇಂಟರ್‌ವ್ಯೂ ದಿನ ಆ ಲೈಬ್ರರಿಯಲ್ಲೇ ಕೂತು ನಮ್ಮ ಹಾಲಿನ ಚಕ್ರವರ್ತಿಯ ಬಗ್ಗೆ ಒಂದು ಪುಸ್ತಕ ಓದಿದ್ದೆ. ಆ ಮಹಾಶಯ ಪರ್ವತ ದಾಟಿದ್ದು ಹೇಸರಗತ್ತೆಯ ಮೇಲಂತೆ. ದಾರಿ ತೋರಿಸಿ ನಡೆಸಿದವನು ಅಲ್ಲಿಯ ಒಬ್ಬ ಹಳ್ಳಿಗ. ಕುದುರೆ, ಬಿರುಗಾಳಿ ಎಲ್ಲ ಚಿತ್ರಕಾರನ ಸುಳ್ಳು. ಇಂಗ್ಲೆಂಡಿನ ವ್ಯಂಗ್ಯಚಿತ್ರಕಾರರೂ ಕಡಿಮೆಯೇನಲ್ಲ. ಸಾಧಾರಣ ಎತ್ತರದವನನ್ನು ಕುಳ್ಳನನ್ನಾಗಿ, ರಂಪ ಮಾಡುವ ಮಗುವನ್ನಾಗಿ ಬಿಡಿಸಿದ್ದರು. ಸೈನ್ಯಗಳಿಗೆ ಹೆದರದವನು ಆ ವ್ಯಂಗ್ಯಚಿತ್ರ ಕಂಡರೆ ಕೆಂಡವಾಗುತ್ತಿದ್ದನಂತೆ.

ಜನವರಿಯಲ್ಲಿ ಇವರು ಮನೆಮುಂದಿನ ಡ್ರೈವ್‌ವೇಯ ಐಸಿನ ಮೇಲೆ ಜಾರಿ ಬಲಗೈ ಮುರಿದುಕೊಂಡರು. ಆಗ ಕೀ ನನ್ನ ಕೈಗೆ ಬಂತು. ಸುರಿಯುವ ಹಿಮದಲ್ಲಿ ಆಸ್ಪತ್ರೆಯವರೆಗೂ ಡ್ರೈವ್ ಮಾಡಿದವಳು ನಾನು. ಪಕ್ಕದಲ್ಲಿ ಕೂತು "ಅಯ್ಯೋ, ಮೆಲ್ಲಗೆ, ಬ್ರೇಕ್ ಹಾಕೇ!" ಎಂದು ಕಿರುಚಿದವರು ಇವರು. ಮನೆ ಸೇರಿದ ಕೂಡಲೇ ಕೀ ಮತ್ತೆ ಜೇಬಿಗೆ ಹೋಯಿತು.

ಕೊನೆಯ ಸೋಮವಾರದ ಹಿಂದಿನ ದಿನ ಕನ್ನಡದವರು ನಾಲ್ಕು ಜನ ನೋಡಲು ಬಂದರು. ಪ್ಲಾಸ್ಟರ್ ಕೈಯನ್ನು ಎದೆಗಿಟ್ಟುಕೊಂಡು, ಆ ಚಿತ್ರದ ಕೆಳಗೇ ಕೂತು ಇವರು ಹೇಳುತ್ತಾರೆ: "ಏನ್ ಮಾಡೋದು, ಒಂದೇ ಕೈಯಲ್ಲಿ ಡ್ರೈವ್ ಮಾಡ್ಕೊಂಡು ಹೋದೆ."

ಥೂ! ನಾಚಿಕೆ ಬೇಡವೇ? ಕಾಫಿ ಲೋಟ ಕುಕ್ಕಿ ಅಡುಗೆಮನೆಗೆ ಹೋದೆ. ಮೈಸೂರಿನ ಕಾಲೇಜಿನಲ್ಲಿ ಲೆಕ್ಚರರ್‌ಗಳ ಚಿತ್ರ ಬಿಡಿಸಿ ಬೈಸಿಕೊಂಡ ಕೈ ನನ್ನದು. ದಿನಸಿ ಚೀಲದ ಕಂದು ಕಾಗದ ಹರಿದು ಬಿಡಿಸಿದೆ. ಹೇಸರಗತ್ತೆಯ ಮೇಲೆ ಚಕ್ರವರ್ತಿಯ ಟೋಪಿ ಹಾಕಿದ ಇವರು, ಪ್ಲಾಸ್ಟರ್ ಕೈ, ಕಿರುಚುವ ಬಾಯಿ. ಮುಂದೆ ಹಗ್ಗ ಹಿಡಿದು ಹಿಮದಲ್ಲಿ ನಡೆಯುತ್ತಿರುವ ಸೀರೆಯವಳು. ಇವರ ಎತ್ತರದಲ್ಲಿ ಒಂದಿಂಚೂ ಕಡಿಮೆ ಮಾಡಲಿಲ್ಲ. ಸುಳ್ಳು ಹೇಳುವ ದರ್ದು ನನಗಿರಲಿಲ್ಲ.

ಅದನ್ನು ತಂದು ಬಿಳಿ ಕುದುರೆಯ ಮೇಲೆಯೇ ಅಂಟಿಸಿದೆ. ಮೊದಲು ಒಬ್ಬಾಕೆ ಕಿಸಕ್ಕನೆ ನಕ್ಕಳು, ಆಮೇಲೆ ಎಲ್ಲರೂ. ಇವರ ಮುಖ ಕೆಂಪಗಾಯಿತು.

"ಏನೇ ಇದು? ಎಲ್ಲರ ಮುಂದೆ ಮಾನ ಕಳೀತೀಯಾ?"

"ಆಸ್ಪತ್ರೆಗೆ ಕರ್ಕೊಂಡು ಹೋದೋಳು ನಾನು. ನಾಳೆ ಬೆಳಿಗ್ಗೆ ಲಿವೋನಿಯಾಗೂ ನಾನೇ ಹೋಗ್ತೀನಿ. ಕೀ ಕೊಡಿ."

ನಾನು ನಗುತ್ತಿರಲಿಲ್ಲ. ಕೀ ಬಲಜೇಬಿನಲ್ಲಿತ್ತು, ಬಲಗೈ ಪ್ಲಾಸ್ಟರಿನಲ್ಲಿ. ಕೊಡುವವರೆಗೆ ಕಾಯಲಿಲ್ಲ, ನಾನೇ ಕೈ ಹಾಕಿ ತೆಗೆದುಕೊಂಡೆ.