ಹಂಚು ಕಲಿಸಿದ ವ್ಯಾಪಾರ

ನಾನು ಚಿಕ್ಕವಳಿದ್ದಾಗ, ಅಂದರೆ ನಿಮ್ಮಲ್ಲಿ ಕಿರಿಯವಳಿಗೆ ಈಗ ಆಗಿರುವಷ್ಟೇ ವಯಸ್ಸು ನನಗೆ ಆಗಿದ್ದಾಗ, ಮಂಗಳೂರಿನಲ್ಲಿ ಮಳೆಗಾಲದ ಒಂದು ದಿನ ನಡೆದ ಸಂಗತಿಯನ್ನು ನಿಮ್ಮ ಅವಗಾಹನೆಗೆ ತರಬಯಸುತ್ತೇನೆ. ಕಚೇರಿಯಲ್ಲಿ ಇತರರ ಪತ್ರಗಳನ್ನು ಟೈಪು ಮಾಡಿದ ಅಭ್ಯಾಸ ನನಗಿದೆಯೇ ಹೊರತು ಸ್ವಂತವಾಗಿ ಏನನ್ನೂ ಬರೆದವಳಲ್ಲ. ಆದುದರಿಂದ ಬರವಣಿಗೆ ಎಲ್ಲಿಯಾದರೂ ಬಿಗಿಯಾಗಿ ಕಂಡುಬಂದಲ್ಲಿ ದಯವಿಟ್ಟು ಸಹಿಸಿಕೊಳ್ಳಬೇಕು. ನಿಮ್ಮಲ್ಲಿ ಹಿರಿಯವನು ಕಾಲೇಜಿನಲ್ಲಿ ವ್ಯಾಪಾರದ ತಂತ್ರಗಳನ್ನು ಓದುತ್ತಿದ್ದಾನೆ. ನಿಮ್ಮ ಕಾಲದವರು ಇದನ್ನೆಲ್ಲ ಎಲ್ಲಿ ಕಲಿತರು ಅಜ್ಜಿ ಎಂದು ಅವನು ಕೇಳಿದ ಪ್ರಶ್ನೆಗೆ ಉತ್ತರರೂಪವಾಗಿ ಇದನ್ನು ಬರೆಯುತ್ತಿದ್ದೇನೆ. ಬೇರೆಯವರ ವಿಷಯ ನಾನು ಅರಿಯೆ. ನನ್ನ ಅಪ್ಪ ಮಾತ್ರ ಅದನ್ನು ನಮ್ಮ ಮನೆಯ ಮಾಡಿನ ಹಂಚಿನಿಂದ ಕಲಿತರು.

ನಮ್ಮ ಮನೆ ಅತ್ತಾವರದಲ್ಲಿತ್ತು. ಅಪ್ಪನ ಹೋಟೆಲು ನೇತ್ರಾವತಿ ಹೊಳೆಯ ಬದಿಯಲ್ಲಿ, ಒಂದು ಹಂಚಿನ ಕಾರ್ಖಾನೆಯಿಂದ ಸ್ವಲ್ಪ ಆಚೆ, ದೋಣಿ ಇಳಿಯುವ ಜಾಗದ ಹತ್ತಿರ ಇತ್ತು. ಹೋಟೆಲು ಎಂದರೆ ನೀವು ಭಾವಿಸುವಂಥದ್ದಲ್ಲ. ಕೆಲವು ಬೆಂಚುಗಳು, ಒಂದು ಮಣ್ಣಿನ ಒಲೆ, ಮಸಿ ಹಿಡಿದ ದೊಡ್ಡ ತಾಮ್ರದ ಹಂಡೆ, ಎದುರಿಗೆ ಒಂದು ಜಗಲಿ, ಇಷ್ಟೇ. ಅಲ್ಲಿ ಹಸಿ ಆವೆಮಣ್ಣು, ಹಂಚು ಸುಡುವ ಗೂಡಿನ ಹೊಗೆ ಮತ್ತು ಕುದಿಯುವ ಚಹಾ, ಈ ಮೂರರ ವಾಸನೆಯೂ ಒಟ್ಟಾಗಿ ಬರುತ್ತಿತ್ತು. ಕಾರ್ಖಾನೆ ಮಧ್ಯಾಹ್ನದ ಕೂಗು ಹಾಕಿದೊಡನೆ ಕೆಲಸದವರು ಮಣ್ಣಿನ ಕೈ ತೊಳೆಯುತ್ತಾ ಹೊರಗೆ ಬರುತ್ತಿದ್ದರು. ಅವರಲ್ಲಿ ಹೊಳೆಯಾಚೆಯಿಂದ ಬೆಳಗ್ಗಿನ ದೋಣಿಯಲ್ಲಿ ಬರುವ ಹೆಂಗಸರೂ ಬಹಳ ಮಂದಿ ಇದ್ದರು. ಅವರು ಮನೆಯಿಂದ ತಂದ ಬುತ್ತಿಯನ್ನು ನಮ್ಮ ಜಗಲಿಯಲ್ಲಿ ಬಿಚ್ಚಿ, ತಣ್ಣಗಾದ ಗಂಜಿಗೆ ಹಾಕಿಕೊಳ್ಳಲು ಸ್ವಲ್ಪ ಬಿಸಿನೀರು ಕೇಳುತ್ತಿದ್ದರು. ಚಹಾ ಕುಡಿಯದೆ ಬರೇ ಬಿಸಿನೀರು ಕೇಳುತ್ತಾರೆಂದು ಅಪ್ಪ ಗೊಣಗುತ್ತಿದ್ದರು. ಆದರೆ ಯಾರಿಗೂ ಇಲ್ಲವೆಂದು ಹೇಳಿದ್ದನ್ನು ನಾನು ಕಾಣೆ.

ಹೀಗಿರುವಾಗ ಕಾರ್ಖಾನೆಯ ಬಾಗಿಲಿನ ಎದುರಿಗೇ ಬ್ಯಾರಿ ಮುಸ್ಲಿಮರೊಬ್ಬರು, ನಾವೆಲ್ಲ ಕಾಕ ಎಂದು ಕರೆಯುತ್ತಿದ್ದವರು, ಚಹಾದ ಅಂಗಡಿ ಇಟ್ಟರು. ಅವರ ಚಹಾ ಬಹಳ ಚೆನ್ನಾಗಿತ್ತು ಎಂಬುದನ್ನು ಇಲ್ಲಿ ದಾಖಲಿಸುವುದು ನ್ಯಾಯ. ಅಲ್ಲಿ ಬಾಗಿಲು ದಾಟಿದರೆ ಚಹಾ; ನಮ್ಮಲ್ಲಿಗಾದರೆ ಮಳೆಯಲ್ಲಿ ತಿರುವಿನವರೆಗೆ ನಡೆದು ಬರಬೇಕು. ಕಾಕ ಬೇಗ ಬಾಗಿಲು ತೆರೆದರೆ ಅಪ್ಪ ಇನ್ನೂ ಬೇಗ ತೆರೆದರು. ಕಾಕ ಬಾಳೆಹಣ್ಣಿನ ಪೋಡಿ ಕರಿದರೆ ಅಪ್ಪನೂ ಅದನ್ನೇ ಕರಿದರು. ಆದರೂ ಬೆಂಚುಗಳು ಖಾಲಿಯಾಗುತ್ತಾ ಬಂದವು. ಕೊನೆಗೆ ಅಪ್ಪ ಹೋಟೆಲು ಮುಚ್ಚಿ, ಬೊಂಬಾಯಿಯಲ್ಲಿರುವ ತಮ್ಮ ಗೆಳೆಯರ ಹೋಟೆಲಿನಲ್ಲಿ ಕೆಲಸಕ್ಕೆ ಸೇರುವುದೆಂದು ತೀರ್ಮಾನಿಸಿದರು. ನಮ್ಮ ಬೀದಿಯಿಂದ ಹಾಗೆ ಹೋದವರು ಹಲವರಿದ್ದರು. ಅವರ ಮಕ್ಕಳು ತಂದೆಯನ್ನು ವರ್ಷಕ್ಕೊಮ್ಮೆ ಕಾಣುತ್ತಿದ್ದರು. ಬಂದವರನ್ನು ಗುರುತಿಸದೆ ಅಮ್ಮನ ಸೆರಗಿನ ಹಿಂದೆ ಅಡಗಿದ ಒಂದು ಮಗುವನ್ನು ನಾನೇ ನೋಡಿದ್ದೆ. ಆ ಮಗುವಿನ ನೆನಪಾದಾಗಲೆಲ್ಲ ನಾನು ಹೋಗಿ ಅಪ್ಪನ ಅಂಗಿಯ ಚುಂಗು ಹಿಡಿದುಕೊಳ್ಳುತ್ತಿದ್ದೆ.

ಹೊರಡುವ ದಿನ ಹತ್ತಿರವಾಯಿತು. ಒಂದು ಬೆಳಗ್ಗೆ ಜೋರು ಮಳೆಯ ಕಾರಣ ಶಾಲೆಗೆ ರಜೆ ಕೊಟ್ಟಿದ್ದರು. ಅಪ್ಪನ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿದ ಅಮ್ಮ ಮುಚ್ಚಳ ತೆರೆದು ನೋಡಿದರೆ ಒಳಗೆ ನೀರು ನಿಂತಿತ್ತು.

“ಮೊನ್ನೆ ಮಾಡು ಸರಿ ಮಾಡಿದ್ದೇನೆ ಅಂತ ಹೇಳಿದ್ರಲ್ಲ, ಇದೆಂತ ಬಾವಿಯಾ?” ಎಂದು ಅಮ್ಮ ಕೇಳಿದರು. “ಬೊಂಬಾಯಿಗೆ ಹೋಗುವವರು ಸೋರುದನ್ನಾದರೂ ನಿಲ್ಲಿಸಿ ಹೋಗಿ. ಅಲ್ಲಿಂದ ಬಂದು ಪಾತ್ರೆ ಇಡ್ಲಿಕ್ಕೆ ಆಗುದಿಲ್ಲ.”

ಅಪ್ಪ ಅಡಿಕೆ ಹಾಳೆಯ ಟೊಪ್ಪಿ ಹಾಕಿಕೊಂಡು ಏಣಿ ತಂದರು. ಸೋರುವ ಜಾಗ ಹಿಂಬದಿಯ ಇಳಿಮಾಡಿನಲ್ಲಿತ್ತು. ಹೊರಗಿನಿಂದ ಏಣಿಗೆ ಎಟಕುತ್ತಿತ್ತು. ಆದರೆ ಒಳಗಿನಿಂದ ಮಾಡು ಅಟ್ಟದ ನೆಲಕ್ಕೆ ತಾಗುವಷ್ಟು ತಗ್ಗಿಳಿದಿದ್ದುದರಿಂದ ದೊಡ್ಡವರಿಗೆ ಅಲ್ಲಿ ನುಸುಳಲು ಸಾಧ್ಯವಿರಲಿಲ್ಲ. ಆದಕಾರಣ ಒಳಗಿನ ಕೆಲಸವನ್ನು ನನಗೆ ವಹಿಸಲಾಯಿತು. ನಾನು ಹೊಟ್ಟೆಯ ಮೇಲೆ ತೆವಳಿಕೊಂಡು ಹೋದೆ. ಅಟ್ಟದಲ್ಲಿ ಮಸಿಯ ವಾಸನೆ, ಹಳೆಯ ತೆಂಗಿನಕಾಯಿಯ ವಾಸನೆ. ಮಳೆಯ ಸದ್ದು ತಲೆಗೆ ಒತ್ತಿ ಹಿಡಿದಂತೆ ಹತ್ತಿರದಲ್ಲಿ ಕೇಳುತ್ತಿತ್ತು. ಹಂಚನ್ನು ಹೊರುವ ರೀಪುಗಳ ನಡುವೆ ಕೈ ತೂರಿಸಿ ತಡವಿದಾಗ ಒಡೆದ ಹಂಚು ಸಿಕ್ಕಿತು; ಅದರ ಬಿರುಕಿನಿಂದ ತಣ್ಣನೆಯ ನೀರು ನನ್ನ ಮೊಣಕೈಯವರೆಗೂ ಇಳಿಯಿತು.

ಅಕ್ಕ ಅಂಗಳದಲ್ಲಿ ಏಣಿ ಹಿಡಿದುಕೊಂಡಿದ್ದಳು. ಮಾಡಿನ ಮೇಲೆ ಅಪ್ಪ ಮೊನ್ನೆ ಮಾಡಿದ್ದ ಕೆಲಸ ಅವಳಿಗೆ ಈಗ ಕಾಣಿಸಿತು. ಒಡೆದ ಹಂಚನ್ನು ತೆಗೆಯುವ ಬದಲು ಅದರ ಮೇಲೆ ಒಂದು ಹೊಸ ಹಂಚನ್ನು ಹೇರಿದ್ದರು. ಆ ಹೊಸ ಹಂಚು ಎಲ್ಲಿಯೂ ಕೂರದೆ ವಾಲಾಡುತ್ತಿತ್ತು. ನೀರು ಎರಡು ಹಂಚುಗಳ ನಡುವಿನಿಂದ ಆರಾಮವಾಗಿ ಒಳಗೆ ಬರುತ್ತಿತ್ತು.

“ಎಂತ ಅಪ್ಪ, ಹಂಚಿಗೆ ಚಳಿ ಅಂತ ಹೊದೆಸಿದ್ದಾ?” ಎಂದಳು ಅಕ್ಕ.

“ನೀನು ಏಣಿ ಹಿಡಿ. ಬಾಯಿ ಹಿಡಿದರೂ ಆದೀತು” ಎಂದರು ಅಪ್ಪ.

ಅಪ್ಪ ಹೊರಗಿನಿಂದ ಎರಡು ಹಂಚುಗಳನ್ನೂ ತೆಗೆದರು. ಕತ್ತಲ ಅಟ್ಟಕ್ಕೆ ಬೆಳಕು ಬಿತ್ತು. ಆ ಕಿಂಡಿಯಲ್ಲಿ ಅಪ್ಪನ ಮುಖ, ಟೊಪ್ಪಿಯ ಅಂಚಿನಿಂದ ತೊಟ್ಟಿಕ್ಕುವ ನೀರು, ಹಿಂದೆ ಬೂದು ಬಣ್ಣದ ಆಕಾಶ. ಅಷ್ಟು ಹತ್ತಿರದಿಂದ ಅವರ ಮುಖವನ್ನು ನಾನು ಎಂದೂ ನೋಡಿರಲಿಲ್ಲ. ಕೆಳಗೆ ಎಲ್ಲರ ಮುಂದೆ ಹೇಳಲಾಗದ ಮಾತು ಅಲ್ಲಿ ಹೊರಗೆ ಬಂದಿತು.

“ಅಪ್ಪ, ನೀವು ಹೋಗುದು ಬೇಡ.”

ಅಪ್ಪ ಹೊಸ ಹಂಚನ್ನು ಕೈಗೆ ಎತ್ತಿಕೊಂಡರು. ಅನಂತರ, “ಕೈ ಒಳಗೆ ತೆಗೆ, ಹಂಚು ಬರ್ತದೆ” ಎಂದರು.

ಒಳಗಿನಿಂದ ನಾನು ಮೇಲಿನ ಸಾಲಿನ ಹಂಚನ್ನು ಅಂಗೈಯಿಂದ ಎತ್ತಿ ಹಿಡಿದೆ. ಅಪ್ಪ ಹೊಸ ಹಂಚನ್ನು ಅದರ ಅಡಿಗೆ ಜಾರಿಸಿದರು. ಹಂಚಿನ ಒಂದು ಅಂಚಿನಲ್ಲಿ ತೋಡು, ಇನ್ನೊಂದು ಅಂಚಿನಲ್ಲಿ ಏಣು ಇರುತ್ತದೆ. ಪಕ್ಕದ ಹಂಚು ಎಲ್ಲಿ ಮುಗಿಯುತ್ತದೆಯೋ ಅಲ್ಲಿ ಇದು ಅದರ ಅಂಚನ್ನು ಹಿಡಿದು ಕೂರುತ್ತದೆ. ಮೊಳೆಯೂ ಬೇಡ, ಗಾರೆಯೂ ಬೇಡ.

“ಕಚ್ಚಿತಾ?” ಎಂದು ಹೊರಗಿನಿಂದ ಅಪ್ಪ ಕೇಳಿದರು.

ನಾನು ಬೆರಳಾಡಿಸಿ ನೋಡಿದೆ. “ಕಚ್ಚಿತು.” ನೀರು ನಿಂತಿತು. ಅಟ್ಟ ಮತ್ತೆ ಕತ್ತಲಾಯಿತು.

ನಾನು ಇಳಿದು ಬಂದಾಗ ಅಪ್ಪ ಜಗಲಿಯಲ್ಲಿ ಕುಳಿತು, ಉಳಿದಿದ್ದ ಒಂದು ಹಂಚನ್ನು ತೊಡೆಯ ಮೇಲೆ ಇಟ್ಟುಕೊಂಡು ಅದರ ಅಂಚನ್ನು ಹೆಬ್ಬೆರಳಿನಿಂದ ಸವರುತ್ತಿದ್ದರು. ಬದುಕೆಲ್ಲ ಹಂಚಿನ ಕಾರ್ಖಾನೆಯ ಬದಿಯಲ್ಲೇ ಕಳೆದವರು ಅದನ್ನು ಹೊಸದಾಗಿ ನೋಡುವಂತೆ ನೋಡುತ್ತಿದ್ದರು.

“ಕಾಕನ ಚಾದ ಮೇಲೆ ನನ್ನ ಚಾ ಇಟ್ಟೆ. ಅವರ ಪೋಡಿಯ ಮೇಲೆ ನನ್ನ ಪೋಡಿ ಇಟ್ಟೆ” ಎಂದರು ನಿಧಾನವಾಗಿ. “ನಾನು ಇಷ್ಟು ದಿನ ಮಾಡಿದ್ದು ಹೊದೆಸುವ ಕೆಲಸವೇ ಅಲ್ವಾ?”

ಅಮ್ಮ ಒಳಗಿನಿಂದ, “ಮತ್ತೆ ಎಂತ ಮಾಡ್ತೀರಿ?” ಎಂದರು.

“ಅವರದ್ದು ಎಲ್ಲಿ ಮುಗಿತದೆ ಅಂತ ನೋಡ್ಬೇಕು. ಅವರಲ್ಲಿ ಇಲ್ಲದ್ದು ಎಂತ ಉಂಟು?”

“ಅದನ್ನು ನನ್ನತ್ರ ಕೇಳ್ತೀರಾ? ಬಿಸಿನೀರು, ಬಿಸಿನೀರು ಅಂತ ಹೆಂಗಸರು ಕೇಳ್ತಾರೆ ಅಂತ ದಿನಾ ಬಂದು ಹೇಳುವವರು ನೀವೇ. ಅವರಿಗೆ ಬೇಕಾದ್ದು ನೀರಾ, ಬಿಸಿ ಗಂಜಿಯಾ?”

ಅಪ್ಪ ಹಂಚನ್ನು ಗೋಡೆಗೆ ಒರಗಿಸಿಟ್ಟರು. ಆಮೇಲೆ ಅಪ್ಪ ಎದ್ದು, ಕೊಡೆ ತೆಗೆದುಕೊಂಡು, ನನ್ನನ್ನೂ ಕರೆದುಕೊಂಡು ನೇರವಾಗಿ ಕಾಕನ ಅಂಗಡಿಗೆ ನಡೆದರು.

ಕಾಕ ನಮ್ಮನ್ನು ಕಂಡು, “ಎಂತ ಹೋಟ್ಲಿನವರೇ, ಇವತ್ತು ಬಾಗಿಲು ತೆಗಿಲಿಲ್ಲ? ಬೊಂಬಾಯಿಗೆ ಹೊರಟದ್ದು ನಿಜವಾ ಹಾಗಾದ್ರೆ?” ಎಂದರು.

“ಇಲ್ಲ ಸಾಹೇಬ್ರೆ. ನಾಳೆಯಿಂದ ನಾನು ಚಾ ಇಡುದಿಲ್ಲ ಅಂತ ಹೇಳಿ ಹೋಗ್ಲಿಕ್ಕೆ ಬಂದೆ. ಗಂಜಿ ಮಾಡ್ತೇನೆ.”

ಕಾಕ ಚಹಾ ಎತ್ತಿ ಹೊಯ್ಯುತ್ತಿದ್ದವರು ಕೈಯನ್ನು ಹಾಗೆಯೇ ನಿಲ್ಲಿಸಿದರು. “ತಲೆಗೆ ಮಳೆನೀರು ಹೋಯ್ತಾ ಮಾರಾಯ್ರೆ? ಗಂಜಿ ಎಲ್ಲರ ಮನೆಯಲ್ಲಿ ಉಂಟು. ಅದನ್ನು ಕುಡಿಲಿಕ್ಕೆ ಹೋಟ್ಲಿಗೆ ಯಾರು ಬರ್ತಾರೆ?”

“ಮನೆಯಲ್ಲಿ ಉಂಟು. ಅದು ಬಿಸಿ ಇರುವಾಗ ಅವರು ಮನೆಯಲ್ಲಿ ಇರುದಿಲ್ಲ. ಗಂಜಿಯಾದ ಮೇಲೆ ಚಾ ಬೇಕು ಅಂದವರನ್ನು ನಿಮ್ಮಲ್ಲಿಗೆ ಕಳಿಸ್ತೇನೆ. ಊಟ ಕೇಳಿದವರನ್ನು ನೀವು ನನ್ನಲ್ಲಿಗೆ ಕಳಿಸಿ.”

ಕಾಕ ಗಡ್ಡ ಸವರಿಕೊಂಡರು. ಅಪ್ಪನಿಗೊಂದು, ನನಗೆ ಹಾಲು ಹೆಚ್ಚಿಗೆ ಹಾಕಿ ಮತ್ತೊಂದು ಚಹಾ ಕೊಟ್ಟರು. ಎದುರಾಳಿಯ ಅಂಗಡಿಯಲ್ಲಿ ಕುಳಿತು ಅಪ್ಪ ಚಹಾ ಕುಡಿದದ್ದು ಅದೇ ಮೊದಲು.

ಮರುದಿನವೂ ಮಳೆ ಬಿಡದೆ ಶಾಲೆಗೆ ರಜೆಯಿತ್ತು. ಅಮ್ಮ ಮತ್ತು ಅಕ್ಕ ಬೆಳಗ್ಗೆಯೇ ಹೋಟೆಲಿಗೆ ಬಂದರು. ತಾಮ್ರದ ಹಂಡೆಯಲ್ಲಿ ಕುಚ್ಚಲಕ್ಕಿ ಕುದಿಯತೊಡಗಿತು. ಅಕ್ಕ ಹುರುಳಿಯ ಚಟ್ನಿ ಅರೆದಳು. ಕೂಗು ಆಯಿತು. ಹೆಂಗಸರು ಮಳೆಗೆ ತಲೆ, ಬೆನ್ನು ಮುಚ್ಚುವ ಓಲೆಯ ಗೊರಬೆ ಹೊದ್ದುಕೊಂಡು ಓಡುತ್ತಾ ಬಂದು ಜಗಲಿಯಲ್ಲಿ ಕುಳಿತು, ಎಂದಿನಂತೆ ಬುತ್ತಿ ಬಿಚ್ಚಿದರು.

“ಸ್ವಲ್ಪ ಬಿಸಿನೀರು ಕೊಡಿ ಅಣ್ಣ.”

“ಇವತ್ತು ಬಿಸಿ ಗಂಜಿಯೇ ಉಂಟು” ಎಂದರು ಅಪ್ಪ.

“ಗಂಜಿ ನಾವೇ ತಂದಿದ್ದೇವಲ್ಲ” ಎಂದು ಆಕೆ ನಕ್ಕಳು. ಉಳಿದವರೂ ನಕ್ಕರು. ಅಪ್ಪ ಎಲ್ಲರಿಗೂ ನೀರು ಕೊಟ್ಟರು. ಅಮ್ಮ ಸೌಟು ಹಿಡಿದುಕೊಂಡು ಹಂಡೆಯ ಬಳಿ ನಿಂತೇ ಇದ್ದರು.

ಅಷ್ಟರಲ್ಲಿ ಮೂಲೆಯಲ್ಲಿದ್ದ ವಯಸ್ಸಾದ ಹೆಂಗಸೊಬ್ಬರು ತಮ್ಮ ಬುತ್ತಿಯನ್ನು ಮೂಸಿ ನೋಡಿ, ಮುಖ ಹಿಂಡಿ, ಮುಚ್ಚಿಟ್ಟರು. “ದೋಣಿಯಲ್ಲಿ ಬರುವಾಗ ಇದಕ್ಕೆ ಮಳೆನೀರು ಸೇರಿದೆ. ನಿಮ್ಮದು ಕೊಡಿ, ನೋಡುವ.” ಅಮ್ಮ ಬಡಿಸಿದರು. ಆಕೆ ಊದಿ ಊದಿ ಕುಡಿದರು. ಚಟ್ನಿಯನ್ನು ಎರಡನೆಯ ಸಲ ಕೇಳಿದರು. ಆವಿ ತಾಗಿ ಅವರ ಮುಖದಲ್ಲಿ ಬಣ್ಣ ಬಂದಿತು. ಕೈ ತೊಳೆದು ಎದ್ದವರು ಪಕ್ಕದವಳಿಗೆ ಹೇಳಿದರು: “ನಾಳೆಯಿಂದ ನಾನು ಬುತ್ತಿ ಕಟ್ಟುದಿಲ್ಲ ಮಾರಾಯ್ತಿ. ಕೋಳಿ ಕೂಗುವ ಮೊದಲು ಏಳುದು ಒಂದು ತಪ್ಪಿತು.”

ಎಲ್ಲವೂ ಆ ದಿನವೇ ಸರಿಹೋಯಿತೆಂದು ಬರೆದರೆ ಸುಳ್ಳಾದೀತು. ಮಿಕ್ಕಿದ ಗಂಜಿಯನ್ನು ಅಂದು ನಾವು ಮತ್ತು ನೆರೆಮನೆಯವರು ಕುಡಿದು ಮುಗಿಸಿದೆವು. ಆದರೆ ದಿನಗಳೆದಂತೆ ಜಗಲಿಯಲ್ಲಿ ಬಿಚ್ಚುವ ಬುತ್ತಿಗಳು ಕಡಿಮೆಯಾದವು. ದೋಣಿಯವರೂ ಗಾಡಿಯವರೂ ಬರತೊಡಗಿದರು. “ಕಾಕ ಕಳಿಸಿದ್ದು” ಎಂದು ಹೇಳಿ ಬೆಂಚಿನಲ್ಲಿ ಕೂರುವವರೂ ಇದ್ದರು. ಬೊಂಬಾಯಿಯ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಪ್ರಯಾಣಕ್ಕೆಂದು ಹೊಲಿಸಿದ್ದ ಹೊಸ ಅಂಗಿಯನ್ನು ಅಮ್ಮ ಒಂದು ಬೆಳಗ್ಗೆ ಅಪ್ಪನ ಕೈಗೆ ಕೊಟ್ಟು, “ಹೋಟ್ಲಿಗೆ ಇದನ್ನೇ ಹಾಕಿ, ಹಳತು ಹರಿದಿದೆ” ಎಂದರು. ಅಪ್ಪ ಹಾಕಿಕೊಂಡು ಹೋದರು. ಅಪ್ಪ ಇನ್ನು ಹೋಗುವುದಿಲ್ಲವೆಂದು ನನಗೆ ಖಚಿತವಾದದ್ದು ಆಗ.

ಮಕ್ಕಳೇ, ನೀವು ಈಗ ದೇರೆಬೈಲಿನಲ್ಲಿ ಮೇಲಿನ ಮಹಡಿಯ ಮನೆಯಲ್ಲಿದ್ದೀರಿ. ಹಸಿವಾದರೆ ಫೋನಿನಲ್ಲಿ ಒತ್ತುತ್ತೀರಿ, ಊಟ ಬಿಸಿಯಾಗಿ ಬಾಗಿಲಿಗೇ ಬರುತ್ತದೆ. ಅದನ್ನು ನಾನು ಮೆಚ್ಚುತ್ತೇನೆ. ಹೊಳೆಯಾಚೆಯ ಆ ಹೆಂಗಸರು ಕಂಡಿದ್ದರೆ ಎಷ್ಟು ಸಂತೋಷಪಡುತ್ತಿದ್ದರೋ. ನಿಮ್ಮ ತಂದೆ ಗಲ್ಫಿನಲ್ಲಿ ದುಡಿಯುತ್ತಿದ್ದಾರೆ. ದಿನವೂ ಫೋನಿನಲ್ಲಿ ಅವರ ಮುಖ ನೋಡುತ್ತೀರಿ, ಪಾಠದ ಸಂಶಯ ಕೇಳುತ್ತೀರಿ, ಜಗಳವನ್ನೂ ಆಡುತ್ತೀರಿ. ತಂದೆಯನ್ನು ಕಂಡು ಯಾರೂ ಈಗ ಸೆರಗಿನ ಹಿಂದೆ ಅಡಗುವುದಿಲ್ಲ. ಇದು ನಿಮ್ಮ ಕಾಲದ ದೊಡ್ಡ ಭಾಗ್ಯವೆಂದು ತಿಳಿಯುತ್ತೇನೆ.

ನನ್ನ ಭಾಗ್ಯ ಬೇರೆಯದು. ಶಾಲೆ ಬಿಟ್ಟ ಮೇಲೆ ನಾನು ಹೋಟೆಲಿಗೆ ಹೋಗುತ್ತಿದ್ದೆ. ಒಲೆ ಆರಿಸಿ ಅಪ್ಪ ಕೈ ನೀಡುತ್ತಿದ್ದರು. ಗಂಜಿತಿಳಿಯ ವಾಸನೆಯ, ಇನ್ನೂ ಬೆಚ್ಚಗಿದ್ದ ಆ ಕೈ ಹಿಡಿದು ಅತ್ತಾವರದವರೆಗೂ ನಡೆಯುತ್ತಿದ್ದೆ. ದಾರಿಯಲ್ಲಿ ನಾವು ವಿಶೇಷವಾಗಿ ಏನನ್ನೂ ಮಾತಾಡುತ್ತಿರಲಿಲ್ಲ. ಆದುದರಿಂದ ನನ್ನದೊಂದು ವಿನಂತಿ. ಈ ಸಲ ನಿಮ್ಮ ತಂದೆ ರಜೆಗೆ ಬಂದಾಗ ಕಾರು ತೆಗೆಯಬೇಡಿ. ಅವರ ಕೈ ಹಿಡಿದು ಹೊಳೆಯ ಬದಿಯಲ್ಲಿ ಒಂದು ಸಂಜೆ ನಡೆದು ಬನ್ನಿ. ನನ್ನ ಕಾಲು ನಡೆಯುವಷ್ಟು ದೂರ ನಾನೂ ಬರುತ್ತೇನೆ.