ದೇವಿದಾಸನ ಹುಲ್ಲು ಮಷೀನು

ಕೈಯಲ್ಲಿ ದೂಡುವ ಆ ಹಳೆಯ, ಪೆಟ್ರೋಲಿನ ಹುಲ್ಲು ಕತ್ತರಿಸುವ ಯಂತ್ರವನ್ನು ಬಾಳೆಗುಳಿಯ ಗುಜರಿಯಿಂದ ತಂದ ದಿನದಿಂದ ನನ್ನ ಗೆಳೆಯ ದೇವಿದಾಸನಿಗೆ ಮೀನುಗಾರಿಕೆ ಎರಡನೆಯ ಕೆಲಸವಾಗಿತ್ತು. ಮಳೆಗಾಲ ಮುಗಿದು, ಬಲೆ ಹರವುವ ಬಯಲಿನಲ್ಲಿ ಹುಲ್ಲು ಮೊಣಕಾಲಿಗೆ ಬಂದಾಗ ಯಂತ್ರವನ್ನು ಹೊರಗೆಳೆಯುತ್ತಿದ್ದ. ಒಂದು ವರ್ಷವೂ ಅದು ಹಗ್ಗದ ಮೊದಲ ಎಳೆತಕ್ಕೆ ಎದ್ದದ್ದಿಲ್ಲ. ಆಗ ಟ್ಯಾಂಕಿನ ಮುಚ್ಚಳ ತೆಗೆದು, ಬಂಗಡೆಯ ಕಿವಿರು ಮೂಸುವವನಂತೆ ಮೂಸಿ, "ಹೋದ ವರ್ಷದ ಪೆಟ್ರೋಲು ಮಾರಾಯಾ, ಯಾರು ತಿಂತಾರೆ ಇದನ್ನ?" ಎಂದು ಚೆಲ್ಲುತ್ತಿದ್ದ. ಪ್ಲಗ್ಗಿನ ಮಸಿಯನ್ನು ಹೆಂಡತಿ, ನನಗೆ ಅತ್ತಿಗೆಯಂತಿದ್ದ ಹೀರಾ ವೈನಿಯ ಒಳ್ಳೆಯ ಟವೆಲಿಗೇ ಒರೆಸುತ್ತಿದ್ದ. ಕಾರ್ಬೊರೇಟರ್ ಬಿಚ್ಚಿ, ಊದಿ, ಜೋಡಿಸಿದ ಮೇಲೆ ಒಂದಾದರೂ ಸ್ಕ್ರೂ ಉಳಿಯುತ್ತಿತ್ತು. "ಕಂಪನಿಯವ್ರು ಹೆಚ್ಚಿಗೆ ಹಾಕಿದ್ದು" ಎಂದು ಕಿಸೆಗೆ ಇಳಿಸುತ್ತಿದ್ದ. "ಸತ್ತಿದೆ, ಬಿಡೋ" ಎಂದು ನಾನು ಚುಚ್ಚಿದರೆ ಮಾತ್ರ ಅವನಿಗೆ ರೇಗುತ್ತಿತ್ತು: "ಸತ್ತದ್ದಲ್ಲ ಮಾರಾಯಾ, ಸಿಟ್ಟು ಮಾಡ್ಕಂಡದೆ." ಈ ಆಷಾಢದಲ್ಲಿ ಅವನೇ ತೀರಿಕೊಂಡ. ಬಯಲು ಹುಲ್ಲಿನಲ್ಲಿ ಮುಳುಗಿತು, ಬಲೆ ಹರವಲು ಜಾಗವಿಲ್ಲ. ಯಂತ್ರವನ್ನು ಮತ್ತೆ ಗುಜರಿಗೆ ಹಾಕೋಣ ಎಂದರು ಕೇರಿಯವರು. ವೈನಿ ಒಪ್ಪಲಿಲ್ಲ. ನಿನ್ನೆ ಬೆಳಿಗ್ಗೆ ಟ್ಯಾಂಕು ಮೂಸಿ ಮುಖ ಕಿವುಚಿ, ಹಳೆಯ ಪೆಟ್ರೋಲು ಚೆಲ್ಲಿ ಹೊಸದು ಹಾಕಿ, ಅದೇ ಟವೆಲಿನಲ್ಲಿ ಪ್ಲಗ್ ಒರೆಸಿದರು. ನಾನು ಹಗ್ಗ ಎಳೆದೆ. ಗೊರಗೊರ ಎಂದು ನಿಂತಿತು. "ಸರೀರಿ ಭಾವಾ, ಅವ್ರು ಹಂಗೆ ಎಳೀತಿರ್ಲಿಲ್ಲ" ಎಂದು ಸೆರಗು ಬಿಗಿದು ಅವರೇ ಎಳೆದರು. ನೀಲಿ ಹೊಗೆ ಉಗುಳಿ ಯಂತ್ರ ಎದ್ದಿತು. ಹಿಡಿಕೆ ಬಿಡದೆ, ಕಣ್ಣನ್ನೂ ಒರೆಸಿಕೊಳ್ಳದೆ ವೈನಿ ಬಯಲಿನ ಕಡೆ ತಿರುಗಿದರು: "ಸಿಟ್ಟು ಇಳೀತು. ಬಲೆ ತರೂಕೆ ಹೇಳಿ."