ಒಂಚೂರು ಎಡಕ್ಕೆ

ಚಳಿಗಾಲ ಬಂತೆಂದರೆ ನಮ್ಮ ದೊಡ್ಡಪ್ಪನಿಗೆ ನೆಗಡಿಗಿಂತ ಮೊದಲು ಹತ್ತುವುದು ಫೋಟೊ ಹುಚ್ಚು. ಊರೆಲ್ಲ ಕಂಬಳಿಯೊಳಗೆ ಮುದುಡಿರುವಾಗ ಇವರು ಮಂಗನ ಟೋಪಿ ಹಾಕಿಕೊಂಡು, ಮೇಲೊಂದು ಕೆಳಗೊಂದು ಕಣ್ಣಿರುವ ಹಳೇ ರೀಲು ಕ್ಯಾಮೆರಾವನ್ನು ಹೊಟ್ಟೆಗೆ ಆನಿಸಿ ಕೆರೆದಂಡೆಯಲ್ಲಿ ನಿಂತಿರುತ್ತಾರೆ. ಅದರ ನೆತ್ತಿಯ ಗಾಜಿನೊಳಗೆ ತಲೆ ಬಗ್ಗಿಸಿಯೇ ನೋಡಬೇಕು. ವಾಕಿಂಗಿನವರು ತಮಗೇ ನಮಸ್ಕಾರವೆಂದುಕೊಂಡು ಕೈಮುಗಿದು ಹೋಗುತ್ತಾರೆ. "ಮಂಜು ಇನ್ನೂ ಹದಕ್ಕೆ ಬಂದಿಲ್ಲ" ಎಂದು ಹಾಲು ಉಕ್ಕುವುದನ್ನು ಕಾಯುವವರಂತೆ ಕಾಯುತ್ತಾರೆ. ಹದಕ್ಕೆ ಬಂದರೆ ನಮ್ಮಲ್ಲೊಬ್ಬರು ಅವರಿಗೆ ಬೆನ್ನು ಮಾಡಿ ಮಂಜಿನಲ್ಲಿ ನಿಲ್ಲಬೇಕು. ಆ ಗಾಜಿನಲ್ಲಿ ಎಡ ಬಲವಾಗಿ, ಬಲ ಎಡವಾಗಿ ಕಾಣುತ್ತದೆ. ಅವರು "ಎಡಕ್ಕೆ" ಎಂದರೆ ನಾವು ಬಲಕ್ಕೆ ಸರಿಯಬೇಕು. ನಾವು ಎಡಕ್ಕೇ ಸರಿದು "ಕತ್ತೆಗಳಾ!" ಎನ್ನಿಸಿಕೊಳ್ಳುತ್ತೇವೆ. ಮದುವೆಯಾದಾಗಿನಿಂದ ತಪ್ಪದವರೆಂದರೆ ದೊಡ್ಡಮ್ಮ ಒಬ್ಬರೇ. ಈಚೆಗೆ ಅವರಿಗೆ ಮರೆವು. ಇಂದು ಬೆಳಿಗ್ಗೆ ತಮಗೆ ಸ್ವೆಟರಿನ ಗುಂಡಿ ಹಾಕುತ್ತಿದ್ದ ದೊಡ್ಡಪ್ಪನನ್ನೇ "ನೀವ್ಯಾರಪ್ಪಾ?" ಎಂದು ಕೇಳಿದರು. ದೊಡ್ಡಪ್ಪ ಅವರನ್ನು ಕೈಹಿಡಿದು ಕರೆತಂದು ಮಂಜಿನಲ್ಲಿ ನಿಲ್ಲಿಸಿದರು, ಹಿಂದಕ್ಕೆ ಬಂದು ತಲೆ ಬಗ್ಗಿಸಿದರು. "ಇವಳೇ, ಒಂಚೂರು ಎಡಕ್ಕೆ." ದೊಡ್ಡಮ್ಮ ತಿರುಗಿಯೂ ನೋಡದೆ ಬಲಕ್ಕೆ ಸರಿದರು.